ಬಾಗಿಲು ಹಾಕಿದ್ದ ಬೀದಿಯನ್ನು ಲೆಕ್ಕಕ್ಕೆ ತಂದಾಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನದಿಯ ಒದ್ದೆ ಮೆಟ್ಟಿಲ ಮೇಲೆ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಮೊಣಕಾಲ ಮೇಲೆ ರಟ್ಟಿನ ಹಲಗೆ, ಅದಕ್ಕೆ ಸಿಕ್ಕಿಸಿದ ಕಾಗದ. ಪ್ರಶ್ನೆ ಕೇಳುವಾಗ ಟಾರ್ಚು ಕೈಯಲ್ಲಿ, ಉತ್ತರ ಬರೆಯುವಾಗ ಬಾಯಲ್ಲಿ. ಎದುರಿಗೆ ಬಲೆ ಬಿಡಿಸುತ್ತಿರುವ ಮುದುಕ.

"ಈ ನದಿಯನ್ನು ನೀವು ಯಾವ ಯಾವ ಕೆಲಸಕ್ಕೆ ಬಳಸುತ್ತೀರಿ?"

"ಕಣ್ಣು ಕಾಣ್ಸಲ್ವೇನಮ್ಮ? ಕೈಯಲ್ಲಿರೋದು ಬಲೆ."

"ಕಾಣುತ್ತೆ ಅಜ್ಜ. ಆದ್ರೂ ನಿಮ್ಮ ಬಾಯಿಂದ್ಲೇ ಬರ್ಬೇಕು. ನಾನು ಕಂಡಿದ್ದನ್ನೆಲ್ಲ ಬರೆಯೋ ಹಾಗಿಲ್ಲ."

ನದಿದಂಡೆಯ ಕೆಳಬೀದಿಯವರು ಇವರನ್ನು ಕರೆಯುವುದು 'ಪ್ರಶ್ನೆ ಅಕ್ಕ' ಅಂತ. ಮೊದಮೊದಲು ಗೇಲಿಗೆ ಇಟ್ಟ ಹೆಸರು. ಈಗ ಅದೇ ಹೆಸರನ್ನು ಪ್ರೀತಿಯಿಂದ ಕೂಗುತ್ತಾರೆ. ನದಿಗೆ ಒಡ್ಡೋ ಗೋಡೆಯೋ ಕಟ್ಟುವ ಮೊದಲು ಜಲಸಂಪನ್ಮೂಲ ಇಲಾಖೆ ಜನರನ್ನು ಕೇಳಬೇಕಲ್ಲ, ಹಾಗೆ ಕೇಳಿಕೊಂಡು ಬರುವ ಕೆಲಸ ಇವರದು. ಕೇಳುವುದು ಅಂದರೆ ಬಾಯಿಗೆ ಬಂದ ಹಾಗಲ್ಲ. ಯಾವ ಪ್ರಶ್ನೆ, ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ, ಎಲ್ಲಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಒಂದು ಪದ ಆಚೀಚೆ ಆದರೂ ಆ ಉತ್ತರ ಕಸದ ಬುಟ್ಟಿಗೆ. ಒಪ್ಪಿಗೆಗೂ ಅವಧಿಯಿದೆ. ಅದು ಮುಗಿದಾಗ ಹೊಸದಾಗಿ ಪಡೆಯಬೇಕು.

ಕಳೆದ ಬಾರಿಯ ಒಪ್ಪಿಗೆಯಲ್ಲಿ ಇದ್ದದ್ದು ಇಷ್ಟು: ಮನೆಯ ಬಾಗಿಲಲ್ಲೇ ಕೇಳಬೇಕು, ಕಚೇರಿಯ ಸಮಯದಲ್ಲೇ ಕೇಳಬೇಕು. ಬರೆದವರ ಬುದ್ಧಿಗೆ ಏನು ಹೇಳೋಣ! ಕೆಳಬೀದಿಯ ಬಟ್ಟೆ ಒಗೆಯುವವರು, ಬಲೆ ಹಾಕುವವರು, ದೋಣಿ ನಡೆಸುವವರು ಕತ್ತಲಿರುವಾಗಲೇ ನದಿಗಿಳಿದರೆ ಹೊತ್ತು ಇಳಿದ ಮೇಲೇ ಮನೆ ಮುಖ ನೋಡುವುದು. ಸಮೀಕ್ಷೆಯವರು ಹೋದಾಗಲೆಲ್ಲ ಬೀಗ. ಮೂರು ಸಲ ಬೀಗ ಕಂಡರೆ 'ಬಾಗಿಲು ಹಾಕಿದೆ' ಅಂತ ಗುರುತು ಹಾಕಿ ಮುಂದಿನ ಮನೆಗೆ ಹೋಗುವುದು ನಿಯಮ. ಮೇಲಿನ ಕಚೇರಿ ತಲುಪುವ ಹೊತ್ತಿಗೆ ಅದೇ ಗುರುತು 'ನದಿ ಬಳಸುವವರಿಲ್ಲ' ಎಂದಾಯಿತು. ಬಳಸುವವರೇ ಇಲ್ಲದ ಮೆಟ್ಟಿಲು ಯಾಕೆ? ಅಡ್ಡಲಾಗಿ ಪ್ರವಾಹದ ಗೋಡೆ ಕಟ್ಟಿಬಿಡೋಣ ಎಂದು ಯೋಜನೆಯ ಕರಡು ತಯಾರಾಯಿತು. ನದಿಯ ಹತ್ತಿರವೇ ಇದ್ದು ನದಿಯ ಲೆಕ್ಕದಿಂದ ಬಿದ್ದುಹೋದವರೆಂದರೆ ಇವರೇ.

ಹಾಗೆ ಗುರುತು ಬಿದ್ದ ಮನೆಗಳಲ್ಲಿ ಪ್ರಶ್ನೆ ಅಕ್ಕನ ಮನೆಯೂ ಒಂದು! ಸ್ವಂತದವರನ್ನು ತಾವೇ ಕೇಳುವ ಹಾಗಿಲ್ಲವಾದ್ದರಿಂದ ಅಲ್ಲಿಗೆ ಸಹೋದ್ಯೋಗಿಯೊಬ್ಬ ಹೋಗಿದ್ದ. ಅತ್ತೆ ಆಗ ನದಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಅಕ್ಕನ ಗಂಡ ಲಾರಿ ಮೇಲೆ, ಸೊಸೆಯಾದ ಅಕ್ಕ ಸಮೀಕ್ಷೆಗೆಂದು ಊರ ಇನ್ನೊಂದು ತುದಿಯಲ್ಲಿ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

"ಊರವರನ್ನೆಲ್ಲ ಮಾತಾಡಿಸ್ತೀಯ. ಮನೇಲಿರೋ ನಾನು ಬದುಕೇ ಇಲ್ಲ ಅಂತ ಬರ್ಕೊಂಡು ಹೋಗಿದಾರಲ್ಲೇ!" ಅಂದರಂತೆ ಅತ್ತೆ.

ಸೊಸೆಗೆ ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ ಬೆಳಗಾಗುವ ಮೊದಲೇ ಮೆಟ್ಟಿಲಿಗೆ ಬಂದು, ಅದೇ ಪ್ರಶ್ನೆ, ಅದೇ ಕಾಗದ ಹಿಡಿದು ಒಬ್ಬೊಬ್ಬರನ್ನೇ ಕೇಳತೊಡಗಿದರು. ಹಾಗೆ ಬರೆದು ತಂದ ಉತ್ತರಗಳ ಕಟ್ಟನ್ನು ಇಲಾಖೆಯ ಸಾಹೇಬರು ಮೇಜಿನ ಮೇಲಿಂದ ಹಾಗೇ ಹಿಂದಕ್ಕೆ ತಳ್ಳಿದರು.

"ಮನೆ ಬಾಗಿಲಲ್ಲಿ ಕೇಳ್ಬೇಕು ಅಂತ ಇದೆ. ಇಲ್ಲಿ ಬಾಗಿಲು ಎಲ್ಲಿದೆ?"

"ಬಾಗಿಲಿರೋ ಕಡೆ ಜನ ಇಲ್ಲ ಸಾರ್. ಜನ ಇರೋ ಕಡೆ ಬಾಗಿಲಿಲ್ಲ."

"ನಿನ್ನ ಕೆಲಸ ಕೇಳೋದು. ನಮಗೆ ಹೇಳೋದಲ್ಲ."

"ಕೇಳೋಳಿಗೂ ಬಾಯಿ ಇದೆ ಸಾರ್."

ಕೆಲಸದಿಂದ ಬಿಡಿಸಿದರು. ಪ್ರಶ್ನೆ ಅಕ್ಕ ಜಗ್ಗಲಿಲ್ಲ. ಅತ್ತೆಯ ಪಕ್ಕದ ಕಲ್ಲಿಗೆ ಬಂದು ಬಟ್ಟೆ ಒಗೆಯಲು ನಿಂತರು. "ಎರಡೇ ದಿನಕ್ಕೆ ಸೊಂಟ ಹಿಡ್ಕೊಳ್ತು. ಅತ್ತೆ ನಕ್ಕಿದ್ದೇ ನಕ್ಕಿದ್ದು" ಅನ್ನುತ್ತಾರೆ ಈಗ.

ಅಷ್ಟರಲ್ಲಿ ಒಪ್ಪಿಗೆಯ ಅವಧಿ ಮುಗಿಯಿತು. ಹೊಸ ಒಪ್ಪಿಗೆಗೆ ಮೊದಲು ಸಾರ್ವಜನಿಕರು ಅಭಿಪ್ರಾಯ ಹೇಳಬಹುದು ಎಂಬ ಪ್ರಕಟಣೆಯನ್ನು ಕಚೇರಿಯಲ್ಲಿ, ತೆರೆದ ಬಾಗಿಲ ಹಿಂದೆ ಅಂಟಿಸಿದ್ದರು. ಯಾರೂ ಓದಬಾರದೆಂದೇ ಅಂಟಿಸಿದ ಹಾಗಿತ್ತು! ಪ್ರಶ್ನೆ ಅಕ್ಕ ಅದನ್ನು ಬರೆದುಕೊಂಡು ಬಂದು, ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಿದರು. ಮೂಗು ಮುರಿದವರೂ ಇದ್ದರು. "ನಮ್ಮ ಮಾತು ಯಾರಿಗೆ ಬೇಕಕ್ಕ?" ಅಂದರು. "ಬೇಡ ಅನ್ನೋದಾದ್ರೆ ಮುಖ ನೋಡಿ ಅನ್ಲಿ" ಅನ್ನುವುದು ಇವರ ಉತ್ತರ.

ಪ್ರಕಟಣೆಯಲ್ಲಿ ಹೇಳಿದ ದಿನ ಕೆಳಬೀದಿಯವರು ತಮ್ಮ ಅಭಿಪ್ರಾಯ ಹೇಳಲು ಒದ್ದೆ ಬಟ್ಟೆಯಲ್ಲೇ ನದಿಯಿಂದ ನೇರ ಕಚೇರಿಗೆ ನುಗ್ಗಿದರು. ನೆಲವೆಲ್ಲ ನೀರು. ಸಾಹೇಬರು ಬೂಟು ಎತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡರು. ಜವಾನ ಬಟ್ಟೆ ಹಿಡಿದು ಒರೆಸಲು ಬಗ್ಗಿದಾಗ ಅತ್ತೆ ತಡೆದರು. "ಒರೆಸ್ಬೇಡಪ್ಪ, ಇರ್ಲಿ. ನಾವು ಬಂದಿದ್ವಿ ಅನ್ನೋದಕ್ಕೆ ಅದೊಂದೇ ಗುರುತು."

ಹೊಸ ಒಪ್ಪಿಗೆಯಲ್ಲಿ ಎರಡು ಸಾಲು ಬದಲಾಗಿವೆ. ಜನ ದುಡಿಯುವ ಜಾಗದಲ್ಲೂ ಕೇಳಬಹುದು. ಸೂರ್ಯ ಹುಟ್ಟುವ ಮೊದಲೂ ಕೇಳಬಹುದು. ಪ್ರಶ್ನೆ ಅಕ್ಕನನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ದೊಡ್ಡ ಮನಸ್ಸು ಮಾಡಿ ಅಂದುಕೊಳ್ಳಬೇಡಿ. ಆ ಹೊತ್ತಿಗೆ ಏಳುವವರು ಬೇರೆ ಯಾರೂ ಸಿಗಲಿಲ್ಲ, ಅಷ್ಟೆ.

ಇವತ್ತು ಅತ್ತೆಯ ಸರದಿ. ಸ್ವಂತದವರನ್ನು ಕೇಳಬಾರದೆಂಬ ನಿಯಮ ಹಾಗೇ ಇದೆ. ಅಂದು ಬೀಗ ಕಂಡು ಹೋಗಿದ್ದ ಸಹೋದ್ಯೋಗಿಯೇ ಆಕಳಿಸುತ್ತಾ ಮೆಟ್ಟಿಲಿಳಿದು ಬಂದಿದ್ದಾನೆ. ಪ್ರಶ್ನೆ ಅಕ್ಕ ದೂರ ಸರಿದು ಮೇಲಿನ ಮೆಟ್ಟಿಲಲ್ಲಿ ಬೆನ್ನು ಹಾಕಿ ನಿಂತಿದ್ದಾರೆ. ಕಿವಿ ಮಾತ್ರ ಕೆಳಗೇ ಇದೆ.

"ಈ ನದಿಯನ್ನು ನೀವು ಯಾವ ಯಾವ ಕೆಲಸಕ್ಕೆ ಬಳಸುತ್ತೀರಿ?"

"ಸ್ವಲ್ಪ ಆ ಕಡೆ ಸರಿಯಪ್ಪ, ನೀರು ಸಿಡಿಯುತ್ತೆ." ಅತ್ತೆ ಹಾಸಿಗೆ ಬಟ್ಟೆಯನ್ನು ಎತ್ತಿ ಕಲ್ಲಿಗೆ ಬಡಿಯುತ್ತಾರೆ. "ಹೂಂ, ಈಗ ಬರ್ಕೋ. ನಾನು ಮದುವೆಯಾಗಿ ಬಂದಾಗಿನಿಂದ ಶುರು ಮಾಡ್ತೀನಿ."

ಕಾಗದದಲ್ಲಿ ಉತ್ತರಕ್ಕೆ ಬಿಟ್ಟಿರುವುದು ಒಂದೇ ಸಾಲು. ಅವನು ಅಂಚಿನ ತನಕ ಬರೆದು, ಹಾಳೆ ಮಗುಚಿ ಬೆನ್ನಿಗೂ ಬರೆಯುತ್ತಿದ್ದಾನೆ.

ಗೋಡೆಯ ಯೋಜನೆ ಇನ್ನೂ ರದ್ದಾಗಿಲ್ಲ. ಅದರ ಮಾತೆತ್ತಿದರೆ ಪ್ರಶ್ನೆ ಅಕ್ಕ ಟಾರ್ಚು ಆರಿಸಿ, ಕೆಳಗಿನ ಕಲ್ಲಿನತ್ತ ಕೈ ತೋರಿಸುತ್ತಾರೆ.

"ಕಟ್ಟೋಕೆ ಬರೋರು ಬರ್ಲಿ, ಆಗ ನೋಡ್ಕೊಳ್ಳೋಣ. ಆದ್ರೆ ಇಲ್ಲಿ ಯಾರೂ ಇರ್ಲಿಲ್ಲ ಅಂತ ಮಾತ್ರ ಇನ್ಮೇಲೆ ಬರೆಯೋಕಾಗಲ್ಲ. ನಮ್ಮತ್ತೆ ಇದಾರೆ."