ಟಿಕ್ಕಣ್ಣನ ಸ್ಪ್ರಿಂಗು

ಬೀದಿಯವರೆಲ್ಲ ಅವನನ್ನು ಟಿಕ್ಕಣ್ಣ ಎಂದು ಕರೆಯುವುದಕ್ಕೆ ಕಾರಣ ಅವನೇ ಮಾಡುವ ಸದ್ದು. ಬೆಳಗ್ಗೆ ಎಂಟಕ್ಕೆ ಅವನ ಕೋಣೆಯಿಂದ ಟಿಕ್, ಟಿಕ್ ಶುರುವಾದರೆ ಊಟದ ಹೊತ್ತಿಗೇ ನಿಲ್ಲುವುದು. ಪಕ್ಕದ ಮನೆಯ ಮಗು ಅಮ್ಮ ಅನ್ನುವುದಕ್ಕೂ ಮೊದಲು ಟಿಕ್ ಅಂದಿತ್ತಂತೆ. ಆ ತಾಯಿ ಇವನ ಮೇಲೆ ಈಗಲೂ ಮುನಿಸಿಕೊಂಡಿದ್ದಾಳೆ.

ಅವನು ಮಾಡುವುದು ಚಕಮಕಿ ಕೋವಿಯ ಲಾಕು, ಅಂದರೆ ಮದ್ದಿಗೆ ಕಿಡಿ ಹಚ್ಚುವ ಕೀಲು. ಹಳೆಯ ಮಾದರಿಯ ಕೋವಿಯಲ್ಲಿ ಗುರಿ ಹೊಡೆಯುವ ಗೀಳಿನವರು ಈಗಲೂ ಇದ್ದಾರೆ, ಅವರಿಗಾಗಿ. ಅಂಗೈಯಗಲದ ಒಂದು ಉಕ್ಕಿನ ತಟ್ಟೆ. ಹೊರಗಡೆ ಚಕಮಕಿ ಕಲ್ಲನ್ನು ಕಚ್ಚಿ ಹಿಡಿದ, ಕುದುರೆ ಎಂದು ಕರೆಯುವ ಕೊಕ್ಕೆ, ಒಳಗಡೆ ಮಡಚಿದ ಸ್ಪ್ರಿಂಗು, ಎರಡು ಕಚ್ಚು ಇರುವ ಪುಟ್ಟ ಗಾಲಿ. ಟ್ರಿಗರ್ ಎಳೆದರೆ ಗಾಲಿಯ ಕಚ್ಚು ಬಿಟ್ಟುಕೊಳ್ಳಬೇಕು, ಕುದುರೆ ಬೀಳಬೇಕು, ಕಲ್ಲು ಉಕ್ಕನ್ನು ಉಜ್ಜಿ ಕಿಡಿ ಹಾರಬೇಕು. ಹೇಳುವುದಕ್ಕೆ ಇಷ್ಟೇ. ಟ್ರಿಗರ್ ಬಿಗಿಯಾದರೆ ಗುರಿ ತಪ್ಪುತ್ತದೆ, ಸಡಿಲವಾದರೆ ಯಾರದೋ ಕಾಲು ಹೋಗುತ್ತದೆ. ಹಾಗಾಗಿ ಕಚ್ಚಿಗೆ ಮೇಣದಬತ್ತಿಯ ಮಸಿ ಹಿಡಿದು, ಮಸಿ ಎಲ್ಲಿ ಅಳಿಸಿತೋ ಅಲ್ಲಿ ಅರದಿಂದ ಕೂದಲೆಳೆಯಷ್ಟು ಉಜ್ಜಿ, ಮತ್ತೆ ಮಸಿ ಹಿಡಿದು, ಮತ್ತೆ ಉಜ್ಜಿ... ನೋಡುತ್ತ ಕೂತವರಿಗೆ ತಲೆ ಚಿಟ್ಟು ಹಿಡಿಯಬೇಕು. ಅವನಿಗೆ ಮಾತ್ರ ನಲವತ್ತು ವರ್ಷವಾದರೂ ಹಿಡಿದಿಲ್ಲ.

ಲಾಕು ಪೂರ್ತಿಯಾದ ಮೇಲೆ ನೂರು ಸಲ ಟ್ರಿಗರ್ ಎಳೆದು ನೋಡಬೇಕು. ನೂರಕ್ಕೆ ನೂರು ಸಲವೂ ಕುದುರೆ ಸರಿಯಾಗಿ ಬಿದ್ದರೆ ಮಾತ್ರ ತಟ್ಟೆಯ ಒಳಮೈಗೆ ಮನೆತನದ ಅಚ್ಚು ಹೊಡೆಯುವುದು. ಅಕ್ಕಿಕಾಳಿನಷ್ಟು ಗಾತ್ರದ ಒಂದು ಗುರುತು, ಅಪ್ಪನ ಕಾಲದ್ದು. ಅಚ್ಚು ಬಿದ್ದ ಲಾಕು ಎದುರಿನ ಶೆಡ್ಡಿಗೆ ಹೋಗುತ್ತದೆ. ಅಲ್ಲಿ ಅವನ ಅಕ್ಕ ಕೋವಿಯ ಮರದ ಹಿಡಿ ಕೆತ್ತಿ ಎಲ್ಲವನ್ನೂ ಜೋಡಿಸುತ್ತಾಳೆ. ಅರವತ್ತೆಂಟು ವಯಸ್ಸು, ಬಾಯಿ ಮಾತ್ರ ಅವಳ ಉಳಿಗಿಂತ ಹರಿತ.

ಅಪ್ಪ ಬಿಟ್ಟುಹೋದದ್ದು ಅಚ್ಚೊಂದೇ ಅಲ್ಲ, ಒಂದು ಅಪ್ಪಣೆಯೂ ಇತ್ತು. ಕಾಸಿ ಎಣ್ಣೆಯಲ್ಲಿ ಅದ್ದಿದ ಸ್ಪ್ರಿಂಗು ಗಾಜಿನಂತೆ ಪೆಡಸಾಗಿರುತ್ತದೆ. ಅದನ್ನು ಹೊಳೆಯುವಂತೆ ಉಜ್ಜಿ, ಬಿಸಿ ಮರಳಿನ ಮೇಲಿಟ್ಟು ಹದಕ್ಕೆ ತರಬೇಕು. ಬಿಸಿ ಏರಿದಂತೆ ಉಕ್ಕಿನ ಮೈಮೇಲೆ ಬಣ್ಣ ಏರುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ಬದನೆಕಾಯಿ ಬಣ್ಣ, ಕೊನೆಗೆ ನೀಲಿ. ನೀಲಿ ಬಂದ ಗಳಿಗೆಯಲ್ಲೇ ತೆಗೆಯಬೇಕು. ಮೊದಲೇ ತೆಗೆದರೆ ಮುರಿಯುತ್ತದೆ, ತಡವಾದರೆ ಮೆತ್ತಗಾಗುತ್ತದೆ. "ಬಣ್ಣ ನೋಡೋದು ಈ ಕಿಟಕಿ ಬೆಳಕಲ್ಲೇ, ಬೆಳಗ್ಗೇನೇ. ಬೇರೆ ಎಲ್ಲೂ ನೋಡಕೂಡದು" ಎಂದಿದ್ದರು ಅಪ್ಪ. ಟಿಕ್ಕಣ್ಣ ಆ ಕಿಟಕಿ ಬಿಟ್ಟು ಕದಲಿದವನಲ್ಲ. ದೀಪದ ಬೆಳಕಲ್ಲಿ ಸ್ಪ್ರಿಂಗು ನೋಡುವುದೆಂದರೆ ಅವನಿಗೆ ಕಳ್ಳತನ ಮಾಡಿದಷ್ಟೇ ನಾಚಿಕೆ.

ಅಂಥವನ ಸ್ಪ್ರಿಂಗು ಮುರಿಯಿತು. ಹದಿನಾಲ್ಕನೇ ಟಿಕ್ಕಿಗೆ. ಉಕ್ಕೇ ಸರಿಯಿಲ್ಲ ಎಂದು ಗೊಣಗಿ ಇನ್ನೊಂದು ಮಾಡಿದ. ಅದು ಮೂವತ್ತೊಂದಕ್ಕೆ ಮುರಿಯಿತು. ಮೂರನೆಯದು ಅರವತ್ತು ದಾಟಿತು, ಇವನು ಉಸಿರು ಬಿಡುವಷ್ಟರಲ್ಲಿ ಪಟ್ ಅಂದಿತು. ಚೂರುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಬೆಂಚಿನ ಕೆಳಗೆ ತಳ್ಳಿದ. ಯಾರಿಗೂ ತೋರಿಸಲಿಲ್ಲ. ತನ್ನ ಕಣ್ಣು ಹೋಯಿತು, ಕೈ ಹೋಯಿತು ಎಂದು ಒಳಗೊಳಗೇ ಬೆಂದ. ಊಟದ ತಟ್ಟೆ ಮುಂದೆಯೂ ಬೆರಳುಗಳನ್ನೇ ತಿರುಗಿಸಿ ನೋಡಿಕೊಳ್ಳುವ ಮಟ್ಟಕ್ಕೆ ಬಂದ.

ಬೀದಿ ಅಗಲ ಎರಡು ಮಾರು. ಟಿಕ್ ನಿಂತದ್ದು ಅಕ್ಕನಿಗೆ ಕೇಳದೆ ಇರುತ್ತದೆಯೇ? ಮೂರನೇ ವಾರ ಬಂದು ಬಾಗಿಲಲ್ಲಿ ನಿಂತಳು.

"ಏನೋ, ಮೂರು ವಾರದಿಂದ ಒಂದು ಲಾಕೂ ಇಲ್ಲ. ಹಿಡಿ ಕೆತ್ತಿಟ್ಕೊಂಡು ಎಷ್ಟು ದಿನ ಕೂತಿರ್ಲಿ?"

"ಮುರೀತಿದೆ ಅಕ್ಕ."

"ವಯಸ್ಸಾಯ್ತು, ತಪ್ಪೇನಲ್ಲ. ಕಾರ್ಖಾನೆ ಲಾಕು ತರಿಸ್ತೀನಿ. ಸೋಮವಾರ ಅವರಿಗೆ ಹೇಳ್ಬಿಡ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹುಟ್ಟಿದಾಗಿನಿಂದ ಮೆತ್ತಗೆ ಮಾತಾಡದ ಅಕ್ಕ ಮೆತ್ತಗೆ ಮಾತಾಡಿದ್ದೇ ಅವನ ಎದೆಗೆ ನಾಟಿತು. ಕಾರ್ಖಾನೆಯ ಲಾಕು ಬಂದರೆ ಆ ಬೀದಿಯಲ್ಲಿ ಅಪ್ಪನ ಅಚ್ಚು ಮುಗಿದ ಹಾಗೆ.

ಸೋಮವಾರ ಬೆಳಗ್ಗೆ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ತನಗೆ ಇಟ್ಟುಕೊಳ್ಳುವ ಯೋಗ್ಯತೆ ಇಲ್ಲ, ಹಿರಿಯಳಿಗೆ ಒಪ್ಪಿಸಿಬಿಡೋಣ ಎಂದು. ಅಂಥ ಕೆಲಸಕ್ಕೆ ಕೊಳೆ ಬಟ್ಟೆಯಲ್ಲಿ ಹೋಗುವುದೇ? ಹೆಂಡತಿ ಒಗೆದಿಟ್ಟ ಬಿಳಿ ಅಂಗಿ ತೊಟ್ಟು ಕಿಟಕಿ ಹತ್ತಿರ ಬಂದು ಗುಂಡಿ ಹಾಕಿಕೊಳ್ಳುತ್ತಿದ್ದವನು ತೋಳು ನೋಡಿ ಸಿಡಿದೆದ್ದ.

"ಏನೇ ಇದು! ಅಂಗಿಗೆ ಎಷ್ಟು ನೀಲಿ ಸುರಿದಿದ್ದೀಯ? ನೋಡಿಲ್ಲಿ, ಶಾಯಿಯಲ್ಲಿ ಅದ್ದಿದ ಹಾಗಿದೆ!"

"ನೀಲಿ ಮುಗಿದು ಎರಡು ತಿಂಗಳಾಯ್ತು. ತನ್ನಿ ಅಂತ ಎಷ್ಟು ಸಲ ಹೇಳಿದ್ದೀನಿ, ತಂದ್ರಾ?"

"ಹಾಗಾದ್ರೆ ಇದೇನು, ನನ್ನ ಕಣ್ಣು ಕೆಟ್ಟಿದೆಯಾ?" ಎಂದ. ಕಣ್ಣುಜ್ಜಿಕೊಂಡು ತೋಳನ್ನು ಮತ್ತೆ ನೋಡಿದ.

ಅವಳು ಹತ್ತಿರ ಬಂದು ತೋಳು ಹಿಡಿದು ನೋಡಿದಳು. ಹೌದು, ನೀಲಿಯೇ! ತಾನು ಒಗೆದ ಬಟ್ಟೆಗೆ ಕೆಟ್ಟ ಹೆಸರು ಬಂದರೆ ಸುಮ್ಮನಿರುವವಳಲ್ಲ. ಗಂಡನನ್ನು ದರದರ ಬೀದಿಗೆ ಎಳೆದು ತಂದಳು. ಬಿಸಿಲಲ್ಲಿ ಅಂಗಿ ಹಾಲಿನಂತೆ ಬೆಳ್ಳಗಿತ್ತು. "ಈಗ ಹೇಳಿ, ಯಾವ ನೀಲಿ?"

ಟಿಕ್ಕಣ್ಣ ಎದುರಿನ ಶೆಡ್ಡು ನೋಡುತ್ತಿದ್ದ. ಹೋದ ತಿಂಗಳು ಅಕ್ಕನ ಕಣ್ಣಿನ ಆಪರೇಷನ್ ಆದ ಮೇಲೆ ಬಿಸಿಲು ಚುಚ್ಚುತ್ತದೆಂದು ಶೆಡ್ಡಿನ ಮುಂದೆ ಕಟ್ಟಿದ ದೊಡ್ಡ ಪ್ಲಾಸ್ಟಿಕ್ ಹಾಳೆ. ಬೆಳಗಿನ ಬಿಸಿಲು ಪೂರ್ತಿ ಅದರ ಮೇಲೆ ಬಿದ್ದು ನೇರ ಇವನ ಕಿಟಕಿಗೆ ನುಗ್ಗುತ್ತಿತ್ತು. ಹಾಳೆಯ ಬಣ್ಣ ಅಚ್ಚ ನೀಲಿ. ಏಣಿ ಹತ್ತಿ ಅದನ್ನು ಕಟ್ಟಿದವನು ಬೇರೆ ಯಾರೂ ಅಲ್ಲ, ಇವನೇ.

ಒಳಗೆ ಓಡಿ ಡಬ್ಬಿ ತಂದು ಚೂರುಗಳನ್ನು ಅಂಗೈ ಮೇಲೆ ಸುರಿದುಕೊಂಡ. ಕಿಟಕಿಯಲ್ಲಿ ನೀಲಿ ಕಂಡಿದ್ದ ಉಕ್ಕು ಬಿಸಿಲಲ್ಲಿ ಬದನೆಕಾಯಿ ಬಣ್ಣ! ಮೂರಕ್ಕೆ ಮೂರೂ ಹಾಗೇ. ಮೊದಲೇ ತೆಗೆದುಬಿಟ್ಟಿದ್ದ. ಕೈ ಹೋಗಿರಲಿಲ್ಲ, ಕಣ್ಣೂ ಹೋಗಿರಲಿಲ್ಲ. ಬೀದಿ ಮಧ್ಯೆ ನಿಂತು ಅವನು ನಕ್ಕ ನಗೆಗೆ ಪಕ್ಕದ ಮನೆಯ ತಾಯಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಸದ್ದಿಗೆ ಅಕ್ಕ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡು ಏಣಿ ಎಳೆಯಲು ಹೋದಳು. "ತೆಗೆದುಬಿಡೋ ಆ ಹಾಳಾದ್ದನ್ನ."

"ಬೇಡ, ನಿನ್ನ ಕಣ್ಣಿಗೆ ನೆರಳು ಬೇಕು."

"ಹಾಗಾದ್ರೆ ಒಲೆ ಎತ್ಕೊಂಡು ಬೀದಿಗೆ ಬಾ."

"ಕಿಟಕಿ ಬಿಟ್ಟು ಎಲ್ಲೂ ನೋಡಕೂಡದು ಅಂತ ಅಪ್ಪ..."

ಅಕ್ಕ ಅವನ ಮುಖವನ್ನೇ ನೋಡಿದಳು. "ಅಯ್ಯೋ ಪೆದ್ದೇ! ಅಪ್ಪನಿಗೆ ಮಂಡಿ ಹಿಡಿದುಹೋಗಿತ್ತು ಕಣೋ, ಎದ್ದು ಬೀದಿಗೆ ಬರೋಕಾಗ್ತಿರಲಿಲ್ಲ. ನಿನಗೆ ಕೆಲಸ ಕಲಿಸೋವಾಗ ಆ ಕಿಟಕಿ ಹತ್ರ ಕೂತೇ ಇರ್ತಿದ್ರು. ಅದಕ್ಕೂ ಮೊದಲು ಇಲ್ಲೇ, ಈ ಕಟ್ಟೆ ಮೇಲೇ ಬಣ್ಣ ನೋಡ್ತಿದ್ರು. ನಾನೇ ಮರಳಿನ ತಟ್ಟೆ ಹಿಡಿದು ನಿಂತಿದ್ದೀನಿ. ನೀನಾಗ ತೊಟ್ಟಿಲಲ್ಲಿದ್ದೆ."

ನಲವತ್ತು ವರ್ಷ ಅಪ್ಪನ ಮಂಡಿನೋವನ್ನು ವ್ರತದಂತೆ ಪಾಲಿಸಿದ್ದ ಮಗ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಸೊಂಟದ ಗಂಟು ಪಕ್ಕಕ್ಕೆ ಜಾರಿ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಕಾರ್ಖಾನೆಯವರಿಗೆ ಅಕ್ಕ ಅವತ್ತು ಏನೂ ಹೇಳಲಿಲ್ಲ. ಮಾರನೇ ದಿನ ಬೆಳಗ್ಗೆ ಒಲೆ ಕಟ್ಟೆಗೆ ಬಂತು. ಮರಳಿನ ತಟ್ಟೆಯ ಹಿಡಿಯನ್ನು ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡೇ ಹಿಡಿದಳು. ಹಳದಿ ಬಂತು, ಕಂದು ಬಂತು, ಬದನೆಕಾಯಿ ಬಂತು. ಟಿಕ್ಕಣ್ಣನ ಕೈ ಇಕ್ಕಳದ ಮೇಲೇ ಇತ್ತು, ಎತ್ತಲಿಲ್ಲ. ನೀಲಿ ಬಂದಾಗ ಎತ್ತಿದ.

ಸ್ಪ್ರಿಂಗು ಆರಿದ ಮೇಲೆ ಲಾಕಿನೊಳಗೆ ಕೂರಿಸಿ ಟ್ರಿಗರ್ ಎಳೆಯತೊಡಗಿದ. ಎಣಿಸುವ ಕೆಲಸ ಅಕ್ಕನದು. ಹದಿನಾಲ್ಕು ದಾಟಿತು. ಮೂವತ್ತೊಂದು ದಾಟಿತು. ಅರವತ್ತರ ನಂತರ ಹೆಂಡತಿಯೂ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತಳು. ತೊಂಬತ್ತರ ಮೇಲೆ ಅಕ್ಕ ಬೆರಳು ಮಡಚಿ ಎಣಿಸತೊಡಗಿದಳು.

"ನೂರು" ಎಂದಳು. ಆಮೇಲೆ ನಿನ್ನೆಯಿಂದ ತನ್ನ ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಂಡಿದ್ದ ಬಟ್ಟೆಯ ಗಂಟನ್ನು ಬಿಚ್ಚಿ, ಅಚ್ಚನ್ನು ಅವನ ಕೈಗಿಟ್ಟಳು. "ಕಟ್ಟೆ ಮೇಲೆ ಬಿಟ್ಟು ಹೋಗಿದ್ದೆಯಲ್ಲೋ. ತಗೋ, ಹೊಡಿ. ನಾನು ಸಾಯೋವರೆಗೂ ಇದನ್ನ ನನ್ನ ಹತ್ರ ತರಬೇಡ."