ಯಾಕಮ್ಮ ಸೂಜಿ ಚುಚ್ಚಲಿಲ್ಲ

ಆಕೆಗೆ ಯಾಕಮ್ಮ ಎಂದು ಹೆಸರಿಟ್ಟಿದ್ದು ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ, ಗ್ಯಾಸ್ ಒಲೆಯ ಎಡಗಡೆಯ ಉರಿಯ ಮೇಲೆ ಮಾತ್ರ ಹಾಲಿಡು ಎಂದು ಅತ್ತೆ ಹೇಳಿದಾಗ ಸೊಸೆ "ಯಾಕತ್ತೆ?" ಎಂದಳು. ಬಲಗಡೆಯದು ಸರಿಯಾಗಿ ಉರಿಯಲ್ಲ. ಅದು ಯಾಕೆ? ಅತ್ತೆಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೊಸೆ ಒಲೆಯನ್ನು ಪೂರ್ತಿ ಬಿಚ್ಚಿ ಹಳೇ ಪೇಪರಿನ ಮೇಲೆ ಹರಡಿಕೊಂಡು ಕೂತಿದ್ದಳು. ಸಂಜೆ ಎರಡೂ ಕಡೆ ಒಂದೇ ಸಮ ಉರಿಯಿತು. ಅತ್ತೆ ಹೊಗಳಲಿಲ್ಲ, ಹೆಸರಿಟ್ಟರು. ಮೂವತ್ತು ವರ್ಷದಿಂದ ಅದೇ ಹೆಸರು. ಸ್ಕೂಲ್ ವ್ಯಾನ್ ಓಡಿಸುವ ಗಂಡನೂ ಹಾಗೇ ಕರೆಯುತ್ತಾನೆ.

ಅಂಗಡಿ ಇರುವುದು ಒಂದು ಹಳೇ ವ್ಯಾಪಾರದ ಕಟ್ಟಡದ ಮೆಟ್ಟಿಲ ಕೆಳಗೆ. ಮೊದಲು ಅಲ್ಲಿ ಆಕೆಯ ಅಣ್ಣ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ. ಟೈಪ್‌ರೈಟರ್‌ಗಳ ಕಾಲ ಮುಗಿದ ಮೇಲೆ ಅಣ್ಣ ಬೇರೆ ಕೆಲಸ ಹುಡುಕಿಕೊಂಡ, ತಂಗಿ ಸ್ಕ್ರೂಡ್ರೈವರ್ ಹಿಡಿದು ಅಲ್ಲೇ ಕೂತಳು. ಈಗ ಬರುವುದೆಲ್ಲ ಕ್ಯಾಲ್ಕುಲೇಟರ್‌ಗಳು. ತರಕಾರಿ ಲೆಕ್ಕದವಲ್ಲ, ಬಡ್ಡಿ, ಕಂತು, ಅವಧಿ ಎಲ್ಲಕ್ಕೂ ಬೇರೆ ಬೇರೆ ಗುಂಡಿ ಇರುವ, ಬ್ಯಾಂಕಿನವರೂ ವಿಮೆಯವರೂ ಜೇಬಲ್ಲಿ ಇಟ್ಟುಕೊಂಡು ಓಡಾಡುವ ಜಾತಿಯವು. ಏನಾದರೂ ಎಡವಟ್ಟಾದರೆ ಅವು ಪರದೆಯ ಮೇಲೆ 'ಎರರ್' ಎಂದು ತೋರಿಸಿ, ಪಕ್ಕದಲ್ಲಿ ಒಂದು ನಂಬರು ಹಾಕಿ ಸುಮ್ಮನಾಗುತ್ತವೆ.

ಇಂಥ ಮಿಷನ್ನಿನ ಬೆನ್ನಿಗೆ ಒಂದು ಸಣ್ಣ ತೂತಿರುತ್ತದೆ. ಸೂಜಿ ಚುಚ್ಚಿದರೆ ರೀಸೆಟ್. ಒಳಗಿದ್ದದ್ದೆಲ್ಲ ಅಳಿಸಿಹೋಗಿ, ಡಬ್ಬಿಯಿಂದ ಈಗತಾನೇ ತೆಗೆದ ಹಾಗಾಗುತ್ತದೆ. ಬೇರೆ ಅಂಗಡಿಯವರು ಕಣ್ಣುಮುಚ್ಚಿ ಚುಚ್ಚಿ ದುಡ್ಡು ಎಣಿಸಿಕೊಳ್ಳುತ್ತಾರೆ. ಯಾಕಮ್ಮನಿಗೆ ಅದು ಮೈಯುರಿಯುವ ವಿಷಯ. ರೋಗಿ ಬಾಯಿ ತೆರೆಯುವ ಮೊದಲೇ ಅವನಿಗೆ ಪ್ರಜ್ಞೆ ತಪ್ಪಿಸಿದರೆ ಕಾಯಿಲೆ ಏನೆಂದು ಯಾರನ್ನು ಕೇಳುವುದು? ಆಕೆಯ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಏನು ಬಂತು ಅಂತ ಆಮೇಲೆ ಹೇಳಿ. ಏನೇನು ಒತ್ತಿದ್ರಿ, ಯಾವುದರ ಹಿಂದೆ ಯಾವುದು?"

ಒಬ್ಬ ವಿಮೆ ಏಜೆಂಟ್ ಮೂರು ಅಂಗಡಿ ಸುತ್ತಿ, ಮೂರು ಸಲ ಚುಚ್ಚಿಸಿಕೊಂಡ ಮಿಷನ್ ತಂದಿದ್ದ. ಬಡ್ಡಿ ಕೇಳಿದಾಗಲೆಲ್ಲ 'ಎರರ್ ಐದು'. ಯಾಕಮ್ಮ ಅವನಿಂದಲೇ ಒತ್ತಿಸಿ ನೋಡಿದಳು. ಕಟ್ಟಿದ ಹಣ, ಕೊನೆಗೆ ಕೈಗೆ ಬರುವ ಹಣ, ಎರಡನ್ನೂ ಪ್ಲಸ್ ಎಂದೇ ಹಾಕಿದ್ದ. "ಹೋಗೋದಕ್ಕೆ ಮೈನಸ್ ಹಾಕಿ ಮಾರಾಯ್ರೆ. ಕೈಯಿಂದ ಏನೂ ಹೋಗದೇ ಬರೀ ಬರ್ತಾನೇ ಇದ್ರೆ, ಬಡ್ಡಿ ಎಲ್ಲಿಂದ ಹುಡುಕಬೇಕು ಅದು ಪಾಪ?" ಏಜೆಂಟ್ ತಲೆ ಕೆರೆದುಕೊಂಡು ಹೋದ. ಯಾಕಮ್ಮ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಳು. ಬಂದ ದೂರು, ಒತ್ತಿದ ಗುಂಡಿ, ಸಿಕ್ಕ ಕಾರಣ ಎಂದು ಅಂಥ ಹನ್ನೊಂದು ನೋಟ್‌ಬುಕ್ ಆಕೆಯ ಹತ್ತಿರ ಇವೆ. ಓದುವವರು ಯಾರೂ ಇಲ್ಲ, ಆಕೆಗೆ ಅದರ ಚಿಂತೆಯೂ ಇಲ್ಲ.

ಒಂದು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಮೇಷ್ಟ್ರೊಬ್ಬರು ತಲೆ ತಗ್ಗಿಸಿ ಒಳಗೆ ಬಂದರು. ಲೆಕ್ಕಪತ್ರದ ತರಬೇತಿ ಕೊಡುವ ಸಂಜೆ ಶಾಲೆಯವರು.

"ಇದನ್ನ ಬೇಗ ಒಂದು ರೀಸೆಟ್ ಮಾಡಿಕೊಡಿ ಅಮ್ಮಾ. ಐದಕ್ಕೆ ರಿಸಲ್ಟ್ ಹಾಕಬೇಕು."

"ಯಾಕೆ, ಏನಾಗಿದೆ?"

"ತಪ್ಪು ಉತ್ತರ ಕೊಡ್ತಿದೆ. ನನ್ನ ವಿದ್ಯಾರ್ಥಿನಿದು. ಪಾಪ, ಹಗಲೆಲ್ಲ ಲಾಂಡ್ರಿಯಲ್ಲಿ ನಿಂತು ದುಡಿಯೋಳು. ಆಸ್ಪತ್ರೆಯ ಲೆಕ್ಕದ ವಿಭಾಗದಲ್ಲಿ ಕೆಲಸ ಸಿಗೋದ್ರಲ್ಲಿದೆ, ಪಾಸಾದ ಪತ್ರ ಇವತ್ತೇ ತೋರಿಸಬೇಕು. ಆರು ಲೆಕ್ಕ ತಪ್ಪು ಮಾಡಿ ಫೇಲಾಗಿ ಕೂತಿದಾಳೆ. ಮಿಷನ್ ಸರಿ ಮಾಡಿಸಿ ಇನ್ನೊಂದ್ಸಲ ಬರೆಸೋಣ ಅಂತ ನಾನೇ ತಂದೆ."

ಒಳ್ಳೆಯ ಮನುಷ್ಯ, ಅದರಲ್ಲಿ ಸಂಶಯವಿಲ್ಲ. ಸೂಜಿ ಡಬ್ಬಿಯಲ್ಲೇ ಇತ್ತು, ಕೆಲಸ ಒಂದು ನಿಮಿಷದ್ದು. ಆದರೆ ಯಾಕಮ್ಮನ ಕೈ ಡಬ್ಬಿಯ ಕಡೆ ಹೋಗಲಿಲ್ಲ. "ಒಂದು ಲೆಕ್ಕ ಮಾಡಿ ತೋರಿಸಿ," ಎಂದಳು.

ಮೇಷ್ಟ್ರು ಪ್ರಶ್ನೆಪತ್ರಿಕೆ ತೆಗೆದರು. ಬಾಡಿಗೆ ಸಾವಿರ, ನಿರ್ವಹಣೆಗೆ ಇನ್ನೂರು. ಮುಂದಿನ ವರ್ಷ ನಿರ್ವಹಣೆ ಮಾತ್ರ ಶೇಕಡಾ ಹತ್ತು ಹೆಚ್ಚುತ್ತದೆ, ಒಟ್ಟು ಎಷ್ಟು? ಸಾವಿರ ಕೂಡಿಸು ಇನ್ನೂರು, ಗುಣಿಸು ಒಂದು ಪಾಯಿಂಟ್ ಒಂದು ಎಂದು ಒತ್ತಿದರು. ಪರದೆಯ ಮೇಲೆ 1220 ಬಂತು.

"ನೋಡಿದ್ರಾ? 1320 ಬರಬೇಕು. ಕ್ಲಾಸಿನಲ್ಲಿ ಮೂವತ್ತೇಳು ಜನಕ್ಕೆ 1320 ಬಂದಿದೆ. ನನಗೂ."

ಯಾಕಮ್ಮ ಪೇಪರಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಳು. ಇನ್ನೂರಕ್ಕೆ ಶೇಕಡಾ ಹತ್ತು ಇಪ್ಪತ್ತು. ಇನ್ನೂರಿಪ್ಪತ್ತು. ಅದಕ್ಕೆ ಸಾವಿರ. ಬರೆದದ್ದನ್ನು ಎರಡು ಸಲ ಓದಿದಳು. ಒಳಗೆಲ್ಲೋ ಪುಳಕವೆದ್ದಿತು, ಒಲೆ ಬಿಚ್ಚಿದ ದಿನ ಎದ್ದಂಥದೇ.

"ನಿಮ್ಮ ಮಿಷನ್ ಕೊಡಿ ಸಾರ್."

"ನಂದು ಸರಿ ಇದೆ. ಈ ವರ್ಷದ್ದೇ. ಶಾಲೆಯಿಂದ ಎಲ್ಲರಿಗೂ ಹೊಸದು ಕೊಟ್ಟಿದ್ದಾರೆ."

"ಇರ್ಲಿ, ಕೊಡಿ."

ಅದರಲ್ಲಿ 1320. ಎರಡನ್ನೂ ಅಕ್ಕಪಕ್ಕ ಇಟ್ಟು, ಸೆಟ್ಟಿಂಗ್ ಗುಂಡಿ ಒತ್ತಿ, ಬಾಣದ ಗುರುತು ಹಿಡಿದು ಕೆಳಕ್ಕಿಳಿಯುತ್ತಾ ಹೋದಳು. ಕೊನೆಯ ಸಾಲಿನಲ್ಲಿ ವ್ಯತ್ಯಾಸ ಸಿಕ್ಕಿತು.

"ನಿಮ್ಮದು ಒತ್ತಿದ್ದನ್ನ ಒತ್ತಿದ ಹಾಗೇ ಸಾಲಾಗಿ ಲೆಕ್ಕ ಹಾಕುತ್ತೆ. ಮೊದಲು ಕೂಡಿ ಸಾವಿರದಿನ್ನೂರು ಮಾಡ್ಕೊಂಡು ಅಷ್ಟಕ್ಕೂ ಹತ್ತು ಪರ್ಸೆಂಟ್ ಏರಿಸಿಬಿಡುತ್ತೆ. ಡಬ್ಬಿಯಿಂದ ತೆಗೆದಾಗ ಇವೆಲ್ಲ ಹೀಗೇ ಇರೋದು. ಇವಳದ್ದು ಗುಣಾಕಾರ ಮೊದಲು ಮಾಡಿ ಆಮೇಲೆ ಕೂಡಿಸುತ್ತೆ. ನಾವು ಸ್ಕೂಲಲ್ಲಿ ಕಲಿತ ಹಾಗೆ."

ಮೇಷ್ಟ್ರು ಪೇಪರಿನ ಅಂಚನ್ನು ನೋಡಿದರು, ಪರದೆಗಳನ್ನು ನೋಡಿದರು. ತುಟಿ ಅಲ್ಲಾಡಿತು, ಬೆರಳು ಮಡಚಿ ಎಣಿಸಿದರು.

"ಮೂವತ್ತೇಳು ಜನ ಒಂದೇ ಉತ್ತರ ಬರೆದಾಗ ಯಾರಿಗಮ್ಮ ಅನುಮಾನ ಬರುತ್ತೆ?" ಎಂದರು ಸಣ್ಣ ದನಿಯಲ್ಲಿ.

ಯಾಕಮ್ಮನಿಗೆ ಸಿಟ್ಟು ಬಂದಿತ್ತು, ಅಯ್ಯೋ ಅನಿಸಿಯೂ ಇತ್ತು. ಆದರೆ ಎರಡಕ್ಕಿಂತ ದೊಡ್ಡದು ಇನ್ನೊಂದಿತ್ತು. "ಸಾರ್, ಈ ಸೆಟ್ಟಿಂಗ್ ತಾನಾಗಿ ಬದಲಾಗಲ್ಲ. ಯಾರು ಮಾಡಿದ್ದು? ಯಾಕೆ? ಫೋನ್ ಮಾಡಿ ಕೇಳಿ, ಸ್ಪೀಕರ್ ಹಾಕಿ."

ಆ ಕಡೆಯಿಂದ ಇಸ್ತ್ರಿಯ ಉಗಿಯ ಸದ್ದಿನ ನಡುವೆ ಹೆಂಗಸಿನ ದನಿ ಬಂತು. "ಹೇಳಿ ಸಾರ್."

"ಮಿಷನ್ನಿಗೆ ಏನು ಮಾಡಿದ್ದೆ ನೀನು?"

"ಮೊದಲನೇ ವಾರ ಒಂದು ಲೆಕ್ಕ ಕೈಯಲ್ಲಿ ಮಾಡಿ ನೋಡಿದೆ, ತಾಳೆ ಆಗಲಿಲ್ಲ. ಡಬ್ಬಿಯಲ್ಲಿ ಪುಸ್ತಕ ಇತ್ತಲ್ಲ ಸಾರ್, ಅದನ್ನ ಪೂರ್ತಿ ಓದಿ ಬದಲಾಯಿಸಿದೆ."

"ನನಗೆ ಹೇಳಬಾರದಿತ್ತೇನಮ್ಮಾ?"

ಉಗಿಯ ಸದ್ದು ನಿಂತಿತು. "ಹೇಳಿದೆ ಸಾರ್. ಮೂರು ಸಲ. ನಿನ್ನೆ ಮೂರನೇ ಸಲ ಹೇಳುವಾಗ ನೀವು ಮಿಷನ್ ಇಸ್ಕೊಂಡು ಜೇಬಿಗೆ ಹಾಕ್ಕೊಂಡ್ರಿ."

ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. ಮೆಟ್ಟಿಲ ಮೇಲೆ ಯಾರೋ ದಡದಡ ಇಳಿದು ಹೋದರು. ಅವರು ಫೋನನ್ನು ಬಾಯಿಯ ಹತ್ತಿರ ಹಿಡಿದರು.

"ಐದಕ್ಕೆ ಮೊದಲು ಕ್ಲಾಸಿಗೆ ಬಾಮ್ಮಾ. ಆ ಆರು ಲೆಕ್ಕಾನೂ ಬೋರ್ಡಿನ ಮೇಲೆ ನೀನೇ ಮಾಡಿ ತೋರಿಸು. ನಾನು ಹುಡುಗರ ಜೊತೆ ಬೆಂಚಲ್ಲಿ ಕೂತ್ಕೋತೀನಿ."

"ಸಾರ್... ನಾನು ಪಾಸಾ?"

"ನೀನು ಪಾಸು. ಉಳಿದವರದ್ದು ಇನ್ನೂ ನೋಡಬೇಕು. ನಂದೂ ಸೇರಿ."

ಫೋನ್ ಕಟ್ಟಾಗಲಿಲ್ಲ. ಆ ಕಡೆ ವಿದ್ಯಾರ್ಥಿನಿ ಅದನ್ನು ಎಲ್ಲೋ ಇಟ್ಟುಬಿಟ್ಟಿದ್ದಳು. ಮೆಟ್ಟಿಲ ಕೆಳಗಿನ ಆ ಗೂಡಿನಲ್ಲಿ ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು, ಅವಳು ಯಾರಿಗೋ ಕೂಗಿ ಹೇಳುತ್ತಿದ್ದಳು: "ಅಣ್ಣಾ, ನಾನಿವತ್ತು ನಾಲ್ಕಕ್ಕೇ ಹೊರಡ್ತೀನಿ! ಬೇಕಾದ್ರೆ ಸಂಬಳ ಹಿಡ್ಕೊಳ್ಳಿ!"