ಕವಲಿನ ಬಾಯಿ, ಸಂಜೆಯ ಗುಳಿಗೆ

ಮೊಮ್ಮಕ್ಕಳೇ, ನೀವು ಮರಾಠಿ ಶಾಲೆಯಲ್ಲಿ ಕಲಿತವರು. ನನ್ನ ಕನ್ನಡವನ್ನು ಬೆರಳಿಟ್ಟು ಓದಬೇಕಾದೀತು. ಬೇಡಗ ಊರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತ ನನಗೆ ಬರೆಯಲು ಬರುವುದು ಇದೊಂದೇ. ಮಿರಜದ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೀವು, "ಆಯಿ, ಎದಿ ಒಳಗ ಏನ ಮಾಡಿದ್ರು?" ಎಂದು ಕೇಳಿದ್ದಿರಿ. ಆಗ ನಾಚಿ ಸುಮ್ಮನಾದೆ. ಈಗ ಹೇಳುತ್ತೇನೆ.

ಹೊಲದಿಂದ ಬರುವಾಗ ಎದೆ ಬಿಗಿಯುತ್ತಿತ್ತು. ನಿಂತರೆ ಬಿಡುತ್ತಿತ್ತು. ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ನಳಿಗೆ ತೂರಿಸಿ ಚಿತ್ರ ತೆಗೆದರು. ಡಾಕ್ಟರು ಅಥಣಿ ಕಡೆಯವರು, ಚಿಕ್ಕ ವಯಸ್ಸು. ಕಾಗದದ ಹಿಂದೆ ಒಂದು ಗೆರೆ ಎಳೆದು, ಅದರಿಂದ ಒಡೆದ ಇನ್ನೊಂದು ಗೆರೆ ಎಳೆದರು. ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳ, ಅದರ ಕವಲು. ನನ್ನ ನಾಳ ಕಟ್ಟಿಕೊಂಡದ್ದು ಸರಿಯಾಗಿ ಆ ಕವಲು ಒಡೆಯುವಲ್ಲಿ. ಅಲ್ಲಿ ಸ್ಟೆಂಟ್, ಅಂದರೆ ಲೋಹದ ಸಣ್ಣ ಜಾಳಿಗೆ, ಕೂರಿಸಬೇಕು ಎಂದರು.

ನನಗೆ ನಮ್ಮ ಹೊಲದ ಕಾಲುವೆ ನೆನಪಾಯಿತು. ದೊಡ್ಡ ಕಾಲುವೆಯ ದಂಡೆಗೆ ಕೆಸರು ಒತ್ತಿದರೆ ಅದು ಜಾರಿ ಪಕ್ಕದ ಸಣ್ಣ ಕಾಲುವೆಯ ಬಾಯಿಗೆ ಕೂರುತ್ತದೆ. ಇಲ್ಲಿ ಹಾಗಾಗುವುದಿಲ್ಲವೇ? ಕುಪವಾಡದಲ್ಲಿ ಲೇಥ್ ನಡೆಸುವ ನಿಮ್ಮ ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದೆ.

"ಅವ್ವಾ, ಸುಮ್ಮ ಕುಂದ್ರ. ಅವರು ಕಲ್ತವರು," ಎಂದ.

"ಏನಂದ್ರಿ ಆಯಿ? ನನಗ ಹೇಳ್ರಿ," ಎಂದರು ಡಾಕ್ಟರು.

ಸೆರಗು ಬಾಯಿಗೆ ಹಿಡಿದು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಎಲ್ಲಿ ಕಲ್ತ್ರಿ ಇದನ್ನ? ನಾವು ಡಾಕ್ಟರ್‌ಗೋಳು ಇದಕ್ಕ ಜಗಳಾ ಆಡತೇವಿ, ಒಂದು ಜಾಳಿಗಿನೋ ಎರಡೋ ಅಂತ."

ಅವರ ರೀತಿ ಹೀಗಿತ್ತು. ಮೊದಲು ಎರಡೂ ನಾಳಗಳಲ್ಲಿ ಕೂದಲಿನಂಥ ತಂತಿ ಬಿಡುವುದು. ದೊಡ್ಡದರಲ್ಲಿ ಮಾತ್ರ ಜಾಳಿಗೆ ಕೂರಿಸುವುದು. ಕವಲಿನ ಬಾಯಿ ಮುಚ್ಚಿದರೆ ಅಲ್ಲಿ ದಾರಿ ತಪ್ಪಬಾರದು, ಅದಕ್ಕೇ ಆ ತಂತಿ. ಅದರ ಮೇಲಿಂದ ಫುಗ್ಗಾ, ಅಂದರೆ ಸಣ್ಣ ಬಲೂನು, ಒಯ್ದು ಉಬ್ಬಿಸಿ ಬಾಯಿ ಬಿಡಿಸುವುದು. ಆಗಲೂ ರಕ್ತ ಸರಿಯಾಗಿ ಹರಿಯದಿದ್ದರೆ ಮಾತ್ರ ಎರಡನೆಯ ಜಾಳಿಗೆ.

"ಎರಡಾದ್ರ ಕವಲಿನ್ಯಾಗ ಲೋಹ ಹೆಚ್ಚಾಕ್ಕೈತಿ. ರಕ್ತ ಹೆಪ್ಪುಗಟ್ಟದಂಗ ಗುಳಗಿ ಒಂದೂ ತಪ್ಪಸಾಕ ಬರೂದಿಲ್ಲ. ಮುಂಜಾನೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಆತೇನ್ರಿ?"

"ಆತ್ರಿ," ಎಂದ ನಿಮ್ಮ ಅಪ್ಪ. ನಾನೂ ತಲೆ ಆಡಿಸಿದೆ.

ನಿಮ್ಮ ಅಜ್ಜ ತೀರಿಕೊಂಡ ವರ್ಷ ನಾನು ನಮ್ಮ ಜೈನ ಮುನಿಮಹಾರಾಜರ ಮುಂದೆ ನಿಯಮ ಹಿಡಿದವಳು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಒಂದು ದಿನವೂ ಮುರಿದಿಲ್ಲ. ರಾತ್ರಿ ಎಂಟಕ್ಕೆ ಗುಳಿಗೆ ನುಂಗುವುದು ಹೇಗೆ? ಇಷ್ಟು ದೊಡ್ಡ ಕೆಲಸ ಮಾಡುವವರ ಮುಂದೆ ನನ್ನ ನೀರಿನ ಮಾತು ತೆಗೆಯಲು ನಾಚಿಕೆ. ಕೊನೆಗೆ ನಾನೇ ಒಂದು ಉಪಾಯ ಹೂಡಿದೆ. ರಾತ್ರಿಯ ಗುಳಿಗೆಯನ್ನು ಸಂಜೆ ಐದಕ್ಕೇ, ಊಟದ ಜೊತೆ ನುಂಗಿಬಿಡುವುದು. ಯಾರಿಗೂ ಹೇಳಬೇಕಿಲ್ಲ.

ಮರುದಿನ ಮುಂಜಾನೆ ಮೇಜಿನ ಮೇಲೆ ಮಲಗಿಸಿದರು. ಎಚ್ಚರವಾಗಿಯೇ ಇದ್ದೆ, ಮಣಿಕಟ್ಟಷ್ಟೇ ಜೋಮು. ಪಕ್ಕದ ಪರದೆಯಲ್ಲಿ ನನ್ನದೇ ಹೃದಯ ಬಡಿಯುತ್ತಿತ್ತು. ಔಷಧ ಬಿಟ್ಟಾಗ ನಾಳಗಳು ಕಪ್ಪಾಗಿ ಮೂಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಅಂಜಿಕೆ ಇತ್ತು, ಆದರೆ ನೋಡುವ ಆಸೆ ಅದಕ್ಕಿಂತ ಹೆಚ್ಚಿತ್ತು. ಎರಡು ತಂತಿ ಹೋದವು, ಒಂದು ನೇರಕ್ಕೆ, ಒಂದು ಕವಲಿಗೆ.

"ಈಗ ಎದಿ ಬಿಗದಂಗ ಆಕ್ಕೈತಿ ಆಯಿ, ಅಂಜಬ್ಯಾಡ್ರಿ."

ಬಿಗಿಯಿತು, ಬಿಟ್ಟಿತು. ಜಾಳಿಗೆ ಕೂತು ದೊಡ್ಡ ನಾಳ ಅಗಲವಾಗಿ ಕಂಡಿತು. ಕವಲಿನ ಬಾಯಿ ಮಾತ್ರ ಮೊದಲಿಗಿಂತ ಸಣ್ಣದಾಗಿತ್ತು. ಕೆಸರು ಜಾರಿತ್ತು! ಡಾಕ್ಟರು ಜೊತೆಗಿದ್ದವರಿಗೆ ಮರಾಠಿಯಲ್ಲಿ, ಫುಗ್ಗಾದಿಂದ ಆಗದಿದ್ದರೆ ಎರಡನೆಯದು ಹಾಕಲೇಬೇಕು, ತಯಾರಿಡಿ ಎಂದರು.

ಎರಡಾದರೆ ಒಂದು ಗುಳಿಗೆಯೂ ತಪ್ಪಬಾರದು. ನನ್ನ ಐದು ಗಂಟೆಯ ಉಪಾಯ ಇವರಿಗೆ ಗೊತ್ತೇ ಇಲ್ಲ. ಎದೆ ಜೋರಾಗಿ ಬಡಿಯತೊಡಗಿದ್ದು ಪರದೆಯ ಮೇಲೂ ಕಂಡಿತು.

"ಡಾಕ್ಟರ್ ಸಾಹೇಬ್ರ..."

"ನೋವಾತೇನ್ರಿ?"

"ಇಲ್ರಿ. ನಾ ಹೊತ್ತ ಮುಳಗಿದ ಮ್ಯಾಲ ನೀರೂ ಕುಡಿಯೂದಿಲ್ರಿ."

ಡಾಕ್ಟರು ಮಾಸ್ಕಿನೊಳಗೇ ನಕ್ಕರು. "ಕವಲಿನ ಸುದ್ದಿ ನಿನ್ನೆನ ಕೇಳಿದ್ರಿ, ಇದನ್ನ ಈಗ ಹೇಳ್ತೀರಲ್ಲ! ರಾತ್ರಿ ಗುಳಗಿ ಏನ್ ಮಾಡಾವ್ರಿದ್ರಿ?"

"ಐದಕ್ಕ ನುಂಗಾಕಿದ್ದೆ."

"ಅಂದ್ರ ಮುಂದಿನ ಗುಳಗಿಗೆ ಹದಿನೈದು ತಾಸ. ಮುಂಜಾನಿತನಾ ಅದರ ಕಸುವು ಉಳಿಯೂದಿಲ್ಲ. ಗುಳಗಿ ಹೊತ್ತ ನೀವ ನೀವ ಬದಲ ಮಾಡಬಾರ್ದ್ರಿ. ಬರ್ರಿ, ಮೊದಲ ಬಾಯಿ ಬಿಡಸೂಣು."

ಎರಡು ಫುಗ್ಗಾಗಳನ್ನು, ದೊಡ್ಡದರಲ್ಲೊಂದು ಕವಲಿನಲ್ಲೊಂದು, ಮಗ್ಗುಲು ತಾಗುವಂತೆ ಒಟ್ಟಿಗೆ ಉಬ್ಬಿಸಿದರು. ಔಷಧ ಬಿಟ್ಟರು. ಕವಲು ತುದಿಯವರೆಗೂ ಕಪ್ಪಾಗಿ ತುಂಬಿ ಹರಿಯಿತು. ಎರಡನೆಯ ಜಾಳಿಗೆ ಪೊಟ್ಟಣದಲ್ಲೇ ಉಳಿಯಿತು.

ಸಂಜೆ ನನ್ನ ಊಟ ಬೇಗನೆ ತರಿಸಿದ್ದರು. ಡಾಕ್ಟರು ಬಂದು ಹಳೆಯ ಚೀಟಿಯ ಮೇಲೆ ಗೀಟು ಹಾಕಿ, ದಿನಕ್ಕೊಮ್ಮೆ ಮುಂಜಾನೆ ನುಂಗುವ ಬೇರೆ ಗುಳಿಗೆ ಬರೆದರು. "ನಿಮಗ ಇದು ನಡೀತೈತಿ. ಹಾರ್ಟ್ ಅಟ್ಯಾಕ್ ಆಗಿ ಬಂದಿದ್ರ ನಾ ಒಪ್ಪತಿರಲಿಲ್ಲ. ಆಗ ಏನ್ ಮಾಡತಿದ್ರಿ?"

"ಮಹಾರಾಜರನ್ನ ಕೇಳತಿದ್ದೆ," ಎಂದೆ. ನಿಜ ಹೇಳಬೇಕೆಂದರೆ, ಅದರ ಉತ್ತರ ನನಗೆ ಇನ್ನೂ ಗೊತ್ತಿಲ್ಲ.

ಡಾಕ್ಟರು ಹೊರಗೆ ಹೋದ ಮೇಲೆ ನಿಮ್ಮ ಅಪ್ಪ, "ಅವ್ವಾ, ನನಗರ ಹೇಳಬಾರ್ದಿತ್ತೇನ?" ಎಂದ.

"ಸುಮ್ಮ ಕುಂದ್ರ ಅಂದಾಂವ ನೀನ ಅಲ್ಲೇನು?" ಎಂದೆ.

ತಿಂಗಳ ಮೇಲೆ ತೋರಿಸಲು ಹೋದಾಗ ಡಾಕ್ಟರು ನಾಡಿ ಹಿಡಿಯುವ ಮೊದಲೇ, "ಇವತ್ತ ಏನ್ ಮುಚ್ಚಿಟ್ಟೀರಿ ಆಯಿ?" ಎಂದರು. ನಾನು ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆದೆ. ಅದರ ಮೇಲೆ ನಾಲ್ಕು ಪ್ರಶ್ನೆ ಬರೆದುಕೊಂಡಿದ್ದೆ. ಮೊದಲನೆಯದು, ಆ ಕವಲು ಮುಂದೆ ಹೋಗಿ ಹೃದಯದ ಯಾವ ಭಾಗಕ್ಕೆ ರಕ್ತ ಕೊಡುತ್ತದೆ ಎಂದು. ಅವರು ಪೆನ್ನು ತೆಗೆದುಕೊಂಡು ಅದೇ ಕಾಗದದ ಹಿಂದೆ ಹೃದಯದ ಚಿತ್ರ ಬರೆಯತೊಡಗಿದರು. ನಿಮ್ಮ ಅಪ್ಪ ಈ ಸಲ ತಾನೇ ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತ.